ಮರಗಮ್ಮ ಬರೆದ ಮೊದಲ ಹೆಸರು

ಡೊಂಬಿವಲಿಯ ಕನ್ನಡ ಸಂಘದ ಮೆಟ್ಟಿಲ ಕೆಳಗೊಂದು ಪುಟ್ಟ ಕೋಣೆ. ಬೋರ್ಡಿನ ಮೇಲೆ ‘ವಯಸ್ಕರ ಮತ್ತು ಕುಟುಂಬ ಸಾಕ್ಷರತಾ ಸಂಪನ್ಮೂಲ ಕೇಂದ್ರ’ ಎಂದು ಮಾರುದ್ದ ಬರೆದಿದ್ದರೂ ಜನರ ಬಾಯಲ್ಲಿ ಅದು ‘ಹರಿಣಾಕ್ಷಿ ಅಕ್ಕನ ಗೋದಾಮು’. ಸ್ಲೇಟು, ಅಕ್ಷರದ ಕಾರ್ಡು, ತಾಯಿ ಮಗು ಕೂತು ಓದುವ ಕಥೆಪುಸ್ತಕ, ಎಲ್ಲವೂ ಅಲ್ಲುಂಟು. ಕಲ್ಯಾಣದಿಂದ ನವಿ ಮುಂಬಯಿವರೆಗೆ ಯಾರಾದರೂ ದೊಡ್ಡವರಿಗೆ ಓದು ಕಲಿಸುತ್ತೇನೆಂದು ಹೊರಟರೆ ಸಾಕು, ಹರಿಣಾಕ್ಷಿ ಸಾಮಾನು ಕಟ್ಟಿ ಕೊಟ್ಟು, ಕಲಿಸುವುದು ಹೇಗೆಂದು ಪಾಠ ಹೇಳಿ ಕಳಿಸುವವಳು. ಮದುವೆಯಾಗಿ ಕಾರ್ಕಳದ ಕಡೆಯಿಂದ ಬಂದವಳು. ಗಂಡ ಯತಿನ್ ಉಲ್ಹಾಸನಗರದ ಹೋಟೆಲಿನಲ್ಲಿ ಮ್ಯಾನೇಜರ್. ಸುಮ್ಮನೆ ಕೂರುವ ಜಾತಿಯೇ ಅಲ್ಲ ಈ ಹೆಂಗಸು!

೨೦೦೮ರಲ್ಲಿ ಅವಳು ತಾನೇ ಒಂದು ಕ್ಲಾಸು ಶುರು ಮಾಡಿದಳು. ಕಳವಾ ಸ್ಟೇಷನ್ನಿನ ಹತ್ತಿರದ ಒಂದು ಚಾಳಿನಲ್ಲಿ, ಕಟ್ಟಡ ಕೆಲಸಕ್ಕೆ ಬಂದ ರಾಯಚೂರು, ಕಲಬುರಗಿ ಕಡೆಯ ಹೆಂಗಸರಿಗಾಗಿ. ಮೊದಲ ಭಾನುವಾರ ಕೋಣೆ ತುಂಬಿ ತುಳುಕಿತು. ಎರಡನೆಯ ಭಾನುವಾರ ನರಪಿಳ್ಳೆಯೂ ಇಲ್ಲ. ಮೂರನೆಯದೂ ಹಾಗೆಯೇ.

ಸಂಘದ ಕಾರ್ಯದರ್ಶಿ ಹರಿಶ್ಚಂದ್ರ ಕನ್ನಡಕ ಏರಿಸಿ ಹೇಳಿದರು: “ಖಾಲಿ ಕೋಣೆಗೆ ಪಾಠ ಮಾಡ್ಲಿಕ್ಕೆ ಆಗ್ತದಾ ಹರಿಣಾಕ್ಷಿಯವ್ರೇ? ಈ ಆದಿತ್ಯವಾರವೂ ಯಾರೂ ಬಾರದಿದ್ರೆ ಚಾಪೆ, ಬೋರ್ಡು ಎಲ್ಲ ಬದಲಾಪುರದ ಕ್ಲಾಸಿಗೆ ಕಳಿಸುವ. ಅಲ್ಲಿಯವರು ಕೇಳ್ತಾ ಇದ್ದಾರೆ.”

ಅವಳಿಗೆ ಉರಿದುಹೋಯಿತು. ಊರಿಗೆಲ್ಲ ಕಲಿಸುವುದನ್ನು ಕಲಿಸಿದವಳ ಸ್ವಂತ ಕ್ಲಾಸೇ ಮುಚ್ಚುವುದೆಂದರೇನು? ಭಾನುವಾರ ಬೆಳಿಗ್ಗೆಯೇ ಕಳವಾ ಸ್ಟೇಷನ್ನಿನಲ್ಲಿ ಇಳಿದು ನೆಟ್ಟಗೆ ಮರಗಮ್ಮನ ಮನೆಗೆ ನುಗ್ಗಿದಳು. ಮೊದಲ ದಿನ ಎಲ್ಲರಿಗಿಂತ ಮುಂದೆ ಕೂತವಳು ಆಕೆಯೇ.

“ಎಂತ ಮಾರಾಯ್ತಿ, ನನ್ನ ಮೇಲೆ ಸಿಟ್ಟಾ?”

ಮರಗಮ್ಮ ನಲ್ಲಿ ನೀರು ಅಂದಳು, ತಲೆನೋವು ಅಂದಳು. ಕೊನೆಗೆ ಸೆರಗು ಬಾಯಿಗಿಟ್ಟುಕೊಂಡು, “ಅಕ್ಕಾರ, ನೀವು ಗಂಡನ ಹೆಸರ ಹೇಳಂತ ಎಬ್ಬಿಸಿ ನಿಲ್ಲಸ್ತೀರಿ. ಎಲ್ಲಾರ ಮುಂದ ಹೆಂಗ ಅನ್ನೂದರಿ?” ಎಂದಳು.

ಅಯ್ಯೋ ದೇವರೇ! ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ ಕೇಳುವುದು ಅದನ್ನೇ ಎಂದು ಮೊದಲ ಪಾಠದಲ್ಲಿಯೇ ‘ನನ್ನ ಗಂಡನ ಹೆಸರು’ ಎಂದು ಇಟ್ಟವಳು ತಾನೇ. ತನ್ನ ಅತ್ತೆ ಅಕ್ಕು ಕಡೆಯವರೆಗೂ ಮಾವನನ್ನು ‘ಯತಿನನ ಅಪ್ಪ’ ಎಂದೇ ಕರೆದದ್ದು ಆಗ ಎಲ್ಲಿ ಹೋಗಿತ್ತೋ! ಹರಿಣಾಕ್ಷಿ ತಲೆ ಚಚ್ಚಿಕೊಂಡು ನಕ್ಕಳು.

“ಹಾಗಾದ್ರೆ ಮದುವೇಲಿ ಹೇಗೆ ಹೇಳ್ತೀರಿ? ನಮ್ಮ ಪಕ್ಕದ ಮನೆ ಮರಾಠಿಯವ್ರು ಹಾಡು ಕಟ್ಟಿ ಹೇಳ್ತಾರಲ್ಲ?”

“ಒಡಪಿನಾಗ ಹೇಳಬೌದ್ರಿ!” ಮರಗಮ್ಮನ ಕಣ್ಣು ಅರಳಿತು. “ಒಡಪು ಕಟ್ಟಿ ಹೇಳಿದ್ರ ದೋಷ ಇಲ್ಲ.”

“ಮತ್ತೆ ಕಾಯೋದೆಂತಕ್ಕೆ? ಇವತ್ತಿನ ಪಾಠವೇ ಅದು. ನಡಿ, ಎಲ್ಲರನ್ನೂ ಕರಿ!”

ಸುದ್ದಿ ಚಾಳಿನ ತುಂಬ ಹಬ್ಬಿತು. ಹೆಂಗಸರು ಮಕ್ಕಳನ್ನು ಕಂಕುಳಿಗೇರಿಸಿಕೊಂಡೇ ಓಡಿ ಬಂದರು. ಸತ್ಯಮ್ಮ ಒಂದು ಒಡಪು ಹೇಳಿದರೆ ಮಲ್ಲಿಕಾ ಅದಕ್ಕಿಂತ ಜೋರಿನದು. ನಗು, ಚಪ್ಪಾಳೆ, ಕಿರುಚಾಟ! ಮರಗಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳು:

“ಕಳವಾ ಗಾಡ್ಯಾಗ ಕುಂದ್ರಾಕ ಸಿಗವಲ್ದು ಜಾಗ,
ಮಾಪಣ್ಣಗ ಇಟ್ಟೀನಿ ಜಾಗ ನನ್ನ ಎದಿಯಾಗ!”

ಕೋಣೆ ಹಾರಿಹೋಗುವಷ್ಟು ಗದ್ದಲ. ಹರಿಣಾಕ್ಷಿ ಅದನ್ನು ಬೋರ್ಡಿನ ಮೇಲೆ ಬರೆದು, ಹೆಸರಿನ ಜಾಗ ಮಾತ್ರ ಖಾಲಿ ಬಿಟ್ಟು, ಸುಣ್ಣದಕಡ್ಡಿಯನ್ನು ಮರಗಮ್ಮನಿಗೆ ಕೊಟ್ಟಳು. ಕಾರ್ಡು ನೋಡಿ ನೋಡಿ, ನಾಲಿಗೆಯನ್ನು ಹಲ್ಲಲ್ಲಿ ಕಚ್ಚಿ, ಮರಗಮ್ಮ ಬರೆದೇಬಿಟ್ಟಳು.

ಅಷ್ಟರಲ್ಲಿ ಬಾಗಿಲಲ್ಲಿ ಮಾಪಣ್ಣ! ಕೈಯಲ್ಲಿ ಅಳುವ ಮಗು. “ಏನ ನಡಸೀರಿ ಇದು? ಶಾಲಿಯೋ ಸಂತಿಯೋ?” ಮುಗಿಯಿತು, ಇವನು ಹೆಂಡತಿಯನ್ನು ಎಬ್ಬಿಸಿದರೆ ಉಳಿದವರೂ ಏಳುತ್ತಾರೆಂದುಕೊಂಡಳು ಹರಿಣಾಕ್ಷಿ.

“ಅಲ್ಲೇನ ಬರದೀ?” ಎಂದು ಅವನು ಬೋರ್ಡಿನ ಕಡೆ ಗದ್ದ ಎತ್ತಿದ.

“ನಾ ಹೇಳಂಗಿಲ್ಲ,” ಅಂದಳು ಮರಗಮ್ಮ. “ಬೇಕಾದ್ರ ಕುಂತು ಓದ್ರಿ.”

ಹೆಂಗಸರೆಲ್ಲ ಕಿಸಕ್ಕನೆ ನಕ್ಕರು. ಮಾಪಣ್ಣನಿಗೆ ಹಟ ಬಂತು. ಮಗುವನ್ನು ತೊಡೆಗೆ ಹಾಕಿಕೊಂಡು ಚಾಪೆಯ ಮೇಲೆ ಕೂತೇಬಿಟ್ಟ. ಹರಿಣಾಕ್ಷಿ ಓಡಿ ಕಾರ್ಡು ತಂದು ಒಂದೊಂದಾಗಿ ಅವನ ಮುಂದಿಟ್ಟಳು. ಅವನ ದಪ್ಪ ಬೆರಳು ಕಾರ್ಡಿನಿಂದ ಬೋರ್ಡಿಗೆ, ಬೋರ್ಡಿನಿಂದ ಕಾರ್ಡಿಗೆ ಹೋಗಿ ಬಂತು. ಅವಳು ಹೇಳಿಕೊಟ್ಟ ಹಾಗೆ ತುಟಿ ಅಲುಗಿತು. “ಮಾ… ಪ…” ತಟ್ಟನೆ ನಿಲ್ಲಿಸಿದ.

“ಇದು ನನ್ನ ಹೆಸರ?”

ಮರಗಮ್ಮ ಗೋಡೆಯ ಕಡೆ ತಿರುಗಿ ನಗುತ್ತಿದ್ದಳು. ಮಾಪಣ್ಣ ಬೋರ್ಡಿನ ಮೇಲಿನ ಹೆಸರನ್ನು ಮಗುವಿಗೆ ಬೆರಳು ಮಾಡಿ ತೋರಿಸಿದ.

“ಲಗ್ನ ಆದಾಗಿಂದ ಒಂದ ಸಲನೂ ನನ್ನ ಹೆಸರ ಹಿಡದು ಕರದಾಕಿ ಅಲ್ರಿ ಇಕಿ,” ಎಂದ. ಆಮೇಲೆ ಹರಿಣಾಕ್ಷಿಯ ಮುಂದೆ ಅಂಗೈ ಚಾಚಿದ. “ಆ ಸುಣ್ಣದಕಡ್ಡಿ ಇತ್ತ ಕೊಡ್ರಿ ಅಕ್ಕಾರ. ಮರಗಮ್ಮ ಅಂತ ಹೆಂಗ ಬರೀತಾರ, ನನಗ ಅದನ್ನ ಮೊದಲ ಕಲಸ್ರಿ.”