ಹಕ್ಕಿಯ ಜಾಗ ಹೇಳದ ಅಜ್ಜಿ

ಅಜ್ಜಿಗೆ ಮೇಲಿನ ಸಾಲಿನಲ್ಲಿ ಎರಡು ಮುಂದಿನ ಹಲ್ಲುಗಳಿರಲಿಲ್ಲ. ಆ ಸಂದಿಗೆ ನಾಲಿಗೆಯ ತುದಿ ಒತ್ತಿ ಅವಳು ಸಿಳ್ಳೆ ಹಾಕಿದಾಗ, ಕೊಳ್ಳೇಗಾಲದ ಕೋರ್ಟಿನ ಆವರಣದಲ್ಲಿ ಬೇವಿನ ಮರದಡಿ ಮಲಗಿದ್ದ ಮೂರು ಬೀದಿನಾಯಿಗಳು ಒಟ್ಟಿಗೇ ಎದ್ದು ನಿಂತವು. ಜವಾನ ಓಡಿಬಂದು, ಒಳಗೆ ಕಲಾಪ ನಡೆಯುತ್ತಿದೆ, ಸದ್ದು ಮಾಡಬಾರದು ಎಂದು ಗದರಿದ. ಅಜ್ಜಿ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ನನ್ನ ನಾಯಿಯ ನಿಮ್ಮೋರು ಇಡ್ಕಂಡೋಗವ್ರ. ಇವುನ್ನಾದ್ರೂ ನೋಡ್ಕತಿನಿ, ಬುಡಪ್ಪ" ಅಂದಳು.

ನಾನು ಅವಳನ್ನು ಮೊದಲು ಕಂಡದ್ದು ಹಾಗೆ. ಕಪ್ಪು ಕೋಟು ಹಾಕಿ ಆಗಿನ್ನೂ ನಾಲ್ಕು ತಿಂಗಳಾಗಿತ್ತು. ನಮ್ಮ ಸೀನಿಯರ್ ಅವಳ ಕಾಗದಗಳನ್ನು ನನ್ನ ಕೈಗೆ ಹಾಕಿ, "ನೀನೇ ನೋಡ್ಕೊಳಮ್ಮ. ತಪ್ಪೊಪ್ಪಿಗೆ ಕೊಡಿಸಿ ದಂಡ ಕಟ್ಟಿಸಿ ಕಳಿಸಿಬಿಡು, ಮಧ್ಯಾಹ್ನದ ಒಳಗೆ ಮುಗಿಯುತ್ತೆ" ಎಂದಿದ್ದರು. ಮುಗಿಯಲಿಲ್ಲ. ಎರಡೂವರೆ ವರ್ಷ ಹಿಡಿಯಿತು. ಆ ಎರಡೂವರೆ ವರ್ಷ ಅವಳು ನನ್ನ ಮೊದಲ ಕಕ್ಷಿದಾರಳಾಗಿದ್ದಳು ಎಂದು ನಾನು ಇಂದಿಗೂ ತಲೆಯೆತ್ತಿ ಹೇಳುತ್ತೇನೆ. ಬೇಟೆಯಾಡಿದವಳನ್ನು ಹೊಗಳುತ್ತಾಳೆ ಎನ್ನುವವರು ಎನ್ನಲಿ.

ಅವಳ ಮೇಲಿದ್ದ ಆರೋಪ ಇಷ್ಟು: ತನ್ನ ನಾಯಿಯನ್ನು ಬಿಟ್ಟು, ಬಲೆ ಹಾಕಿ, ಎರಡು ಕಾಡುಕೋಳಿ ಮತ್ತು ಐದು ಲಾವಕ್ಕಿ ಹಿಡಿದು ಕೊಂದಿದ್ದಾಳೆ. ಮಹಜರಿನಲ್ಲಿ ಹಕ್ಕಿಗಳಿದ್ದ ಒಂದು ಚೀಲ, ಅವಳ ಸಹಿಯ ಜಾಗದಲ್ಲಿ ಹೆಬ್ಬೆಟ್ಟು, ಮತ್ತು 'ಕೆಂಚು ಬಣ್ಣದ ಹೆಣ್ಣುನಾಯಿ ಒಂದು' ಎಂದು ಬರೆದಿತ್ತು. ಹಕ್ಕಿಗಳ ಜೊತೆ ನಾಯಿಯನ್ನೂ ಮಾಲು ಎಂದು ಜಪ್ತಿ ಮಾಡಿದ್ದರು. ಅವಳಿಗೆ ಜಾಮೀನು ಸಿಕ್ಕಿತ್ತು, ನಾಯಿಗೆ ಸಿಕ್ಕಿರಲಿಲ್ಲ. ಅದರ ಹೆಸರು ರಾಗಿ.

ನಾನು ಸೀನಿಯರ್ ಹೇಳಿಕೊಟ್ಟ ಮಾತನ್ನೇ ಹೇಳಿದೆ. "ಅಜ್ಜಿ, ಒಪ್ಕೊಂಡುಬಿಡು. ವಯಸ್ಸು ನೋಡಿ ಸಣ್ಣ ದಂಡ ಹಾಕ್ತಾರೆ. ಅಲೆದಾಟ ತಪ್ಪುತ್ತೆ."

ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. "ತಪ್ಪು ಮಾಡ್ದಾಗ ಯಾರೂ ಇಡೀನಿಲ್ಲ. ಮಾಡ್ದೆ ಇದ್ದಾಗ ಒಪ್ಕ ಅಂತಿಯಲ್ಲ ಕೂಸೇ. ಇದ್ಯಾವ ಓದು?"

ನನ್ನ ಮುಖಕ್ಕೆ ಹೊಡೆದಂತಾಯಿತು. ಆದರೆ ಆ ಮಾತಿನಲ್ಲಿ ಅರ್ಧ ಒಪ್ಪಿಗೆಯೂ ಇತ್ತಲ್ಲ, ಅದನ್ನು ಬಿಡಿಸಿ ಕೇಳಿದೆ. ಆಗ ಅವಳು ಎಲ್ಲವನ್ನೂ ಹೇಳಿದಳು.

ಹುಟ್ಟಿದ್ದು ಯಳಂದೂರಿನ ಕಡೆ, ಬೆಟ್ಟದ ಬುಡದ ಹಳ್ಳಿಯಲ್ಲಿ. ಅಪ್ಪನಿಗೆ ಗಂಡುಮಕ್ಕಳಿಲ್ಲ. ನಾಯಿಗಳ ಜೊತೆ ಹಕ್ಕಿ ಬೇಟೆಗೆ ಹೋಗುವಾಗ ಬಲೆ ಹೊರಲು ಇವಳನ್ನೇ ಕರೆದೊಯ್ಯುತ್ತಿದ್ದ. ಮದುವೆಯಾಗಿ ರಾಮಾಪುರದಿಂದ ಎರಡು ಮೈಲಿ ಒಳಗಿರುವ, ಕಾಡಿನಂಚಿನ ಊರಿಗೆ ಬಂದಾಗ ತವರಿನಿಂದ ತಂದದ್ದು ಒಂದು ತಗಡಿನ ಪೆಟ್ಟಿಗೆ ಮತ್ತು ಒಂದು ಹೆಣ್ಣುನಾಯಿ. ಹೆಂಗಸು ಬೇಟೆಗೆ ಹೋಗುವುದುಂಟೇ ಎಂದು ಊರಿನ ಯಜಮಾನರು ಪಂಚಾಯಿತಿ ಸೇರಿಸಿ ಕೇಳಿದರಂತೆ. "ನಾಯಿ ನನ್ ಮಾತ ಕೇಳ್ತದ, ನಿಮ್ ಮಾತ ಕೇಳಲ್ಲ. ಬೇಕಾದ್ರ ಕರ್ದು ನೋಡಿ" ಅಂದಳಂತೆ. ಕರೆದು ನೋಡಿದರಂತೆ. ನಾಯಿ ಹೋಗಲಿಲ್ಲ. ಪಂಚಾಯಿತಿ ಅಲ್ಲಿಗೆ ಎದ್ದಿತು.

ನಲವತ್ತು ವರ್ಷ ಅವಳು ಹಕ್ಕಿ ಹಿಡಿದಳು. ಮನೆಗೆ, ಬಾಣಂತಿಯರಿಗೆ, ನೆಂಟರು ಬಂದ ದಿನ ಸಾರಿಗೆ. ಆಮೇಲೆ ಒಂದು ಚಳಿಗಾಲದಲ್ಲಿ ಗುಡ್ಡದಿಂದ ಹಳ್ಳದವರೆಗೆ ಇಡೀ ಬೆಳಗ್ಗೆ ನಡೆದರೂ ನಾಯಿ ಒಂದೇ ಸಲ ಮೂಗು ಚಾಚಿ ನಿಂತಿತು. ಪೊದೆಯಿಂದ ಎದ್ದದ್ದು ಒಂದೇ ಜೋಡಿ. ಅದನ್ನು ಹಿಡಿಯದೆ ಮನೆಗೆ ಬಂದು ಬಲೆಯನ್ನು ಒಲೆಗೆ ಹಾಕಿದಳು.

"ಕಾನೂನಿಗ ಎದರಿ ಬುಟ್ಟೆ ಅನ್ಕಬ್ಯಾಡ" ಎಂದು ನನಗೆ ಬೆರಳು ತೋರಿಸಿ ಹೇಳಿದಳು. "ಕಾನೂನು ಅದ ಅಂತ ನಂಗ ಗೊತ್ತೇ ಇರ್ನಿಲ್ಲ. ಅಕ್ಕಿ ಕಮ್ಮಿಯಾದೊ, ಬುಟ್ಟೆ."

ಬಲೆ ಬಿಟ್ಟರೂ ನಡಿಗೆ ಬಿಡಲಿಲ್ಲ. ದಿನಾ ಬೆಳಗ್ಗೆ ನಾಯಿಯೊಂದಿಗೆ ಹೋಗುವುದು, ನಾಯಿ ನಿಂತ ಕಡೆ ತಾನೂ ನಿಲ್ಲುವುದು, ಎಷ್ಟು ಹಕ್ಕಿ ಇವೆ ನೋಡುವುದು, ಸಿಳ್ಳೆ ಹಾಕಿ ನಾಯಿಯನ್ನು ವಾಪಸ್ಸು ಕರೆಯುವುದು. ಇದು ಸುತ್ತಲ ಊರಿಗೆಲ್ಲ ಗೊತ್ತಿತ್ತು. ಆದ್ದರಿಂದಲೇ ಹತ್ತಿರದ ಒಂದು ತೋಟದ ಮನೆಗೆ ಕೋವಿ ಮತ್ತು ಜೋಲುಗಿವಿಯ ಪರದೇಶಿ ನಾಯಿಗಳೊಂದಿಗೆ ಬಂದಿದ್ದ ಪಟ್ಟಣದ ಮೂವರು, ಆ ತೋಟದ ಮೇಸ್ತ್ರಿಯನ್ನು ಮುಂದಿಟ್ಟುಕೊಂಡು ಅವಳ ಜಗಲಿಗೆ ಬಂದರು. ಕಾಡುಕೋಳಿ ಎಲ್ಲಿ ಇಳಿಯುತ್ತದೆ, ಲಾವಕ್ಕಿ ಎಲ್ಲಿ ಕೂರುತ್ತದೆ, ಒಳ್ಳೆಯ ಜಾಗ ತೋರಿಸು ಎಂದು ಕೇಳಿದರು.

"ಗೊತ್ತದ. ತೋರ್ಸಲ್ಲ" ಎಂದು ಹೇಳಿ ಬಾಗಿಲು ಹಾಕಿಕೊಂಡಳು.

ಮೂರನೆಯ ದಿನ ಬೆಳಗ್ಗೆ ಅವಳ ಹೊಲದ ಹಿಂದೆಯೇ ಕೋವಿಯ ಸದ್ದು ಕೇಳಿತು. ನಾಯಿಯೊಂದಿಗೆ ಓಡಿದಳು. ಅಷ್ಟರಲ್ಲಿ ಯಾರೋ ಸುದ್ದಿ ಕೊಟ್ಟು ಅರಣ್ಯದ ಜೀಪೂ ಬಂತು. ಕೋವಿಯವರು ತಮ್ಮ ನಾಯಿಗಳನ್ನು ಕಾರಿಗೆ ತುಂಬಿಕೊಂಡು ಹೊರಟುಹೋಗಿದ್ದರು. ಬೇಲಿಯ ಬುಡದಲ್ಲಿ ಚೀಲ ಬಿದ್ದಿತ್ತು, ಚೀಲದ ಪಕ್ಕ ಅಜ್ಜಿ ಮತ್ತು ರಾಗಿ ನಿಂತಿದ್ದರು. ತೋಟದ ಮೇಸ್ತ್ರಿ ಸಾಕ್ಷಿಗೆ ಬಂದ. "ಈಯಮ್ಮ ಕಾಲದಿಂದ್ಲೂ ಇದೇ ಕಸುಬು ಸಾ" ಎಂದ. ಬಂದ ಗಾರ್ಡು ಆ ಭಾಗಕ್ಕೆ ಹೊಸಬ. ನಂಬಿದ.

ನಾನು ಧನಗೆರೆಯವಳು. ಮೊಟ್ಟೆಯನ್ನೂ ಒಳಗೆ ತರದ ಮನೆ ನಮ್ಮದು. ಅಂದು ಸಂಜೆ ಕೇಸಿನ ವಿಷಯ ಹೇಳಿದಾಗ ಅಮ್ಮ, "ಜೀವ ತೆಗೆಯೋರ ಪರವಾಗಿ ನಿಂತ್ಕಳಕ್ಕಾ ನಿನ್ನ ಓದ್ಸಿದ್ದು?" ಎಂದಳು. ನಾನು ಕೋಣೆಗೆ ಹೋಗಿ ನನ್ನ ಬದುಕಿನ ಮೊದಲ ಅರ್ಜಿಯನ್ನು ಬರೆಯಲು ಕೂತೆ. ಒಂದು ನಾಯಿಯನ್ನು ಬಿಡಿಸುವ ಅರ್ಜಿ.

ಅದನ್ನು ಓದಿ ವಕೀಲರ ಕೊಠಡಿಯಲ್ಲಿ ಎಲ್ಲರೂ ನಕ್ಕರು. ಆದರೆ ನಾಯಿ ಅರಣ್ಯ ಇಲಾಖೆಯ ಕಚೇರಿಯ ಹಿಂದೆ ಕಟ್ಟಿದಲ್ಲೇ ಇತ್ತು, ಹನ್ನೊಂದು ದಿನದಿಂದ ನೀರು ಬಿಟ್ಟು ಬೇರೇನನ್ನೂ ಮುಟ್ಟಿರಲಿಲ್ಲ. ಅದನ್ನು ಕಾಯುತ್ತಿದ್ದ ವಾಚರನೇ ಬಂದು ನನ್ನ ಹತ್ತಿರ, "ಬೇಗ ಏನಾದ್ರೂ ಮಾಡಿ ಮೇಡಂ, ಸತ್ತೋಯ್ತದ" ಎಂದ. ನ್ಯಾಯಾಧೀಶರು ಅರ್ಜಿಯನ್ನು ಎರಡು ಸಲ ಓದಿ, ನಾಯಿಯನ್ನು ಅಜ್ಜಿಯ ವಶಕ್ಕೆ ಕೊಡಬೇಕು, ನ್ಯಾಯಾಲಯ ಕೇಳಿದಾಗ ಅವಳು ಹಾಜರುಪಡಿಸಬೇಕು ಎಂದು ಆದೇಶ ಮಾಡಿದರು. ರಾಗಿ ಎದ್ದು ನಿಲ್ಲಲಾರದಷ್ಟು ಬಡವಾಗಿತ್ತು. ಅಜ್ಜಿ ಅದನ್ನು ಕುರಿಮರಿಯಂತೆ ಹೆಗಲ ಮೇಲೆ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅದೂ ನಡೆಯುತ್ತಲೇ.

ಅಂದಿನಿಂದ ಪ್ರತಿ ವಾಯಿದೆಗೂ ನಾಯಿಯೊಂದಿಗೆ ಬಂದಳು. ಪ್ರತಿಸಲ ತರಬೇಕಿಲ್ಲ, ಕೇಳಿದಾಗ ಸಾಕು ಎಂದು ಹೇಳಿದೆ. ಕೇಳಿಸಿಕೊಳ್ಳಲಿಲ್ಲ. ಒಮ್ಮೆ ಹನೂರಿನಲ್ಲಿ ನಾನು ಹತ್ತಿದ ಬಸ್ಸಿನಲ್ಲೇ ಅವಳೂ ಇದ್ದಳು. ಆಗತಾನೆ ಏರಿದ್ದ ಹೊಸ ಕಂಡಕ್ಟರು ರಾಗಿಯನ್ನು ಕಂಡು ರೇಗಿದ.

"ಏ ಅಜ್ಜಿ, ನಾಯಿನೆಲ್ಲ ಬಸ್ಸಿಗ ಅತ್ತುಸ್ಬ್ಯಾಡ. ಇಳಿ ಕೆಳಕ್ಕ."

"ಇದು ನಾಯಲ್ಲ ಕಣಪ್ಪ, ಕೋರ್ಟಿನ ಮಾಲು. ತಕ, ಓದ್ಕ."

ಪ್ಲಾಸ್ಟಿಕ್ ಕವರಿನಲ್ಲಿ ಮಡಿಸಿಟ್ಟಿದ್ದ ಆದೇಶದ ಪ್ರತಿಯನ್ನು ಅವನ ಮೂಗಿನ ಹತ್ತಿರ ಹಿಡಿದಳು. ಅವನು ಮೊಹರು ನೋಡಿ ಲಗೇಜಿನ ಟಿಕೆಟ್ಟು ಹರಿದುಕೊಟ್ಟ. ಅಜ್ಜಿ ಆ ಟಿಕೆಟ್ಟನ್ನೂ ಅದೇ ಕವರಿಗೆ ಸೇರಿಸಿದಳು.

ಪಾಟೀ ಸವಾಲಿಗೆ ಮುಂಚೆ ಜಾಗ ನೋಡಬೇಕೆಂದು ನಾನೊಂದು ಭಾನುವಾರ ಅವಳ ಊರಿಗೆ ಹೋದೆ. ಹೊತ್ತು ಮೂಡುವಾಗಲೇ ನಡೆಸಿಕೊಂಡು ಹೊರಟಳು. ಹುರುಳಿ ಹೊಲದ ನಡುವೆ ನಾನು ಹಕ್ಕಿ ಹುಡುಕುತ್ತಿದ್ದರೆ ನನ್ನ ರಟ್ಟೆ ಹಿಡಿದು ಎಳೆದಳು.

"ಒಲದೊಳಕ್ಕ ಏನ್ ನೋಡಿಯೆ? ಅಕ್ಕಿ ಅಂಚಲ್ಲಿರ್ತದ. ಬಿತ್ತುದ್ ಕಡ ಮೇವು, ಬಿತ್ತದ ಕಡ ಮನ. ಎರಡ್ರ ಮಧ್ಯ ನೋಡು."

ಗಾಳಿ ಎದುರಿನಿಂದ ಬರುವಂತೆ ನಡೆಯಬೇಕು, ಆಗ ನಾಯಿಯ ಮೂಗಿಗೆ ವಾಸನೆ ಸಿಗುತ್ತದೆ ಎಂದಳು. ಬಿಸಿಲೇರುವ ಮುನ್ನ ಲಾವಕ್ಕಿ ಹುಲ್ಲಿನ ಬದುವಿನಲ್ಲಿರುತ್ತದೆ, ಏರಿದ ಮೇಲೆ ಲಂಟಾನದ ನೆರಳಿಗೆ ಸರಿಯುತ್ತದೆ. ಕಾಡುಕೋಳಿಗೆ ಬಿದಿರಿನ ಹಳ್ಳವೇ ಆಗಬೇಕು, ಬಯಲಿಗೆ ಬಂದರೂ ಹತ್ತು ಮಾರು ದಾಟುವುದಿಲ್ಲ. ಇದ್ದಕ್ಕಿದ್ದಂತೆ ರಾಗಿ ನಿಂತುಬಿಟ್ಟಿತು. ಒಂದು ಮುಂಗಾಲು ಮೇಲೆತ್ತಿ, ಬಾಲ ನೆಟ್ಟಗೆ ಮಾಡಿ, ಒಂದು ಪೊದೆಯತ್ತ ಮೂಗು ಚಾಚಿತು. ನನಗೆ ಅಲ್ಲಿ ಏನೂ ಕಾಣಲಿಲ್ಲ. ಅಜ್ಜಿ ನನ್ನ ಗದ್ದ ಹಿಡಿದು ತಿರುಗಿಸಿದಳು. ಒಣ ಎಲೆಗಳ ನಡುವೆ ಒಂದು ಕಣ್ಣು. ಮತ್ತೊಂದು. ಒಂಬತ್ತು ಹಕ್ಕಿಗಳು ಒಂದಕ್ಕೊಂದು ಬೆನ್ನು ತಾಗಿಸಿಕೊಂಡು ಕೂತಿದ್ದವು. ನಾನು ಉಸಿರು ಬಿಟ್ಟ ಸದ್ದಿಗೇ ಇರಬೇಕು, ಒಟ್ಟಿಗೆ ಎದ್ದು ನಮ್ಮ ಮುಖದ ಮುಂದೆಯೇ ಹಾರಿದವು. ಅಜ್ಜಿ ಸದ್ದಿಲ್ಲದೆ ನಗುತ್ತಿದ್ದಳು.

ಆ ನಡಿಗೆಯಿಂದ ಬರುವಾಗ ಒಂದು ವಿಷಯ ಹೊಳೆಯಿತು. ಮಹಜರಿನಲ್ಲಿ ಎಲ್ಲ ಹಕ್ಕಿಗಳೂ ಒಂದೇ ಬಲೆಗೆ, ಒಂದೇ ಜೋಳದ ಹೊಲದಲ್ಲಿ ಸಿಕ್ಕವು ಎಂದಿತ್ತು. ಆ ಹೊಲದಿಂದ ಬಿದಿರಿನ ಹಳ್ಳಕ್ಕೆ ಒಂದು ಮೈಲಿ. ಅಲ್ಲದೆ ಬಲೆ ಎಲ್ಲಿತ್ತು? ಜಪ್ತಿಪಟ್ಟಿಯಲ್ಲಿ ಬಲೆಯೇ ಇರಲಿಲ್ಲ. ಪಶುವೈದ್ಯರ ವರದಿಯನ್ನು ಮತ್ತೆ ತೆಗೆದು ಓದಿದೆ. 'ಮೈಮೇಲೆ ಸಣ್ಣ ರಂಧ್ರಗಳು' ಎಂಬ ಒಂದು ಸಾಲು ಇತ್ತು, ಅದನ್ನು ಯಾರೂ ಗಮನಿಸಿರಲಿಲ್ಲ. ಸಾಕ್ಷಿಕಟ್ಟೆಯಲ್ಲಿ ವೈದ್ಯರನ್ನು ಕೇಳಿದೆ: ನಾಯಿಯ ಹಲ್ಲಿನಿಂದ ಇಂಥ ರಂಧ್ರ ಆಗುತ್ತದೆಯೇ? ಇಲ್ಲ ಎಂದರು. ಬಲೆಯಿಂದ? ಇಲ್ಲ. ಮತ್ತೆ ಯಾವುದರಿಂದ? ಚರೆಯಿಂದ, ಅಂದರೆ ಕೋವಿಯ ಸಣ್ಣ ಗುಂಡಿನಿಂದ ಎಂದರು. ಅಜ್ಜಿಯ ಮನೆಯಲ್ಲಿ ಕೋವಿ ಸಿಕ್ಕಿತೇ ಎಂದು ಗಾರ್ಡನ್ನು ಕೇಳಿದೆ. ಇಲ್ಲ ಎಂದ. ಕೇಸು ಗೆದ್ದಾಯಿತು ಎಂದು ನನಗೆ ಆಗಲೇ ಗೊತ್ತಾಗಿತ್ತು.

ಕೊನೆಯಲ್ಲಿ ನ್ಯಾಯಾಧೀಶರು ಆರೋಪಿಯನ್ನೇ ನೇರವಾಗಿ ಪ್ರಶ್ನೆ ಕೇಳುವ ದಿನ ಬಂತು. ಎಲ್ಲದಕ್ಕೂ 'ಸುಳ್ಳು' ಎಂದಷ್ಟೇ ಹೇಳು, ಇನ್ನೊಂದು ಮಾತು ಆಡಬೇಡ ಎಂದು ಅವಳಿಗೆ ಹತ್ತು ಸಲ ಹೇಳಿದ್ದೆ. ತಲೆಯಾಡಿಸಿದ್ದಳು.

ಮೇಸ್ತ್ರಿಯ ಸಾಕ್ಷ್ಯವನ್ನು ಓದಿ ಹೇಳಿ ನ್ಯಾಯಾಧೀಶರು ಕೇಳಿದರು, "ನೀವು ಹಿಂದಿನಿಂದಲೂ ಹಕ್ಕಿ ಬೇಟೆ ಆಡುತ್ತಿದ್ದಿರಿ ಅಂತಾರೆ. ಏನು ಹೇಳ್ತೀರಿ?"

"ನಿಜ ಬುದ್ಧಿ. ಆಡ್ತಿದ್ದಿ."

ನನ್ನ ಕೈಯಿಂದ ಪೆನ್ನು ಬಿತ್ತು. ಸರ್ಕಾರಿ ವಕೀಲರು ಕುರ್ಚಿಯಲ್ಲಿ ನೆಟ್ಟಗಾದರು. ನ್ಯಾಯಾಧೀಶರು ಕನ್ನಡಕ ತೆಗೆದು, "ನಿಮ್ಮ ವಕೀಲರು ಏನೂ ಹೇಳಿಕೊಡಲಿಲ್ವೇ?" ಎಂದರು.

"ಯೋಳ್ಕೊಟ್ಟದ ಕೂಸು. ಸುಳ್ಳು ಅನ್ನು ಅಂತ. ಅದೊಂದ ಸುಳ್ಳು ಅಂದ್ರ, ಮಿಕ್ಕಿದ್ ನನ್ ನಿಜವ ಯಾರ್ ನಂಬರು? ನಲವತ್ತೊರ್ಸ ಇಡ್ದೆ. ಬಲ ಸುಟ್ಟಾಕ್ದೆ, ಬುಟ್ಟೆ. ಈ ಏಳ ನಾ ಒಡೀನಿಲ್ಲ. ಒಡ್ದೋರು ನನ್ ಮನ ಬಾಗ್ಲಿಗ ಬಂದು ಜಾಗ ತೋರ್ಸು ಅಂದ್ರು. ತೋರ್ಸಿದ್ರ ಈ ಕಟ್ಟ ಮೇಲ ನಿಲ್ತಿರ್ನಿಲ್ಲ. ತೋರ್ಸ್ನಿಲ್ಲ, ನಿಂತಿವ್ನಿ. ಬರ್ಕಳಿ."

ನ್ಯಾಯಾಧೀಶರು ಒಂದಕ್ಷರ ಬಿಡದೆ ಬರೆಸಿದರು. ಇಪ್ಪತ್ತು ದಿನದ ನಂತರ ತೀರ್ಪು ಬಂತು. ಬಿಡುಗಡೆ. ಹಳೆಯ ಬೇಟೆಯ ಮಾತಿಗೆ ದಿನಾಂಕವಿಲ್ಲ, ಸಾಕ್ಷಿಯಿಲ್ಲ, ಅದು ಈ ಪ್ರಕರಣಕ್ಕೆ ಸೇರಿದ್ದಲ್ಲ ಎಂದು ತೀರ್ಪಿನಲ್ಲಿ ಬರೆದಿದ್ದರು. ಕೋವಿಯವರನ್ನು ಮಾತ್ರ ಯಾರೂ ಹಿಡಿಯಲಿಲ್ಲ. ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತದೆ.

ಹೊರಗೆ ಮೆಟ್ಟಿಲ ಮೇಲೆ ಸರ್ಕಾರಿ ವಕೀಲರು ತಮಾಷೆಗೆ, "ಈಗಲಾದ್ರೂ ಹೇಳಜ್ಜಿ, ಆ ಜಾಗ ಎಲ್ಲಿದೆ?" ಎಂದರು. ಅಜ್ಜಿ ನಗಲಿಲ್ಲ. "ಕೋರ್ಟು ಕೇಳ್ನಿಲ್ಲ, ನೀ ಯಾಕಪ್ಪ ಕೇಳಿಯೆ" ಎಂದು ನಾಯಿಯನ್ನು ಕರೆದುಕೊಂಡು ಇಳಿದು ಹೋದಳು.

ಆಮೇಲೆಯೂ ವರ್ಷಕ್ಕೆ ಎರಡು ಮೂರು ಸಲ ಅವಳ ಊರಿಗೆ ಹೋಗುತ್ತಿದ್ದೆ. ಅವಳು ನಡೆಸುತ್ತಿದ್ದಳು, ನಾನು ಹಿಂದೆ ನಡೆಯುತ್ತಿದ್ದೆ. ಕಳೆದ ವರ್ಷ ಹುರುಳಿ ಕೀಳುವ ಕಾಲದಲ್ಲಿ ಅವಳು ತೀರಿಕೊಂಡಳು. ಎರಡು ದಿನ ಜ್ವರ, ಮೂರನೆಯ ದಿನ ಇಲ್ಲ. ಬಂಡಳ್ಳಿಯಲ್ಲಿರುವ ಮಗಳು ಫೋನು ಮಾಡಿದಳು. ನಾನು ಹೋಗುವಷ್ಟರಲ್ಲಿ ಮಣ್ಣಾಗಿತ್ತು.

ಇಂದಿಗೂ ಕಕ್ಷಿದಾರರು ಎದುರು ಕೂತಾಗ 'ಒಪ್ಕೊಂಡುಬಿಡಿ, ಬೇಗ ಮುಗಿಯುತ್ತೆ' ಎಂಬ ಮಾತು ನನ್ನ ಬಾಯಿಗೆ ಬರುವುದಿಲ್ಲ. ಅದಕ್ಕೆ ನನ್ನ ಮೇಲೆ ಆಕ್ಷೇಪಣೆಗಳಿವೆ. ಇರಲಿ.

ಮೊನ್ನೆ ಧನಗೆರೆಯಲ್ಲಿ, ನಮ್ಮದೇ ಹೊಲಗಳ ಕಡೆ ಬೆಳಗ್ಗೆ ಒಬ್ಬಳೇ ಹೊರಟಿದ್ದೆ. ನಾಯಿಯಿಲ್ಲ, ಅದರ ಮೂಗಿಲ್ಲ. ಗಾಳಿಗೆ ಎದುರಾಗಿ, ಬಿತ್ತಿದ ಮತ್ತು ಬಿತ್ತದ ನೆಲದ ನಡುವೆ ನಿಧಾನವಾಗಿ ನಡೆದೆ. ಮೂವತ್ತು ವರ್ಷ ನಾನು ಓಡಾಡಿದ ದಾರಿ ಅದು. ಒಂದು ಕಡೆ ನಿಂತು ಕಣ್ಣು ಕೆಳಗಿಳಿಸಿದರೆ, ನನ್ನ ಚಪ್ಪಲಿಯಿಂದ ಎರಡು ಮೊಳದಾಚೆ ಹುಲ್ಲಿನಲ್ಲಿ ತಾಯಿ ಲಾವಕ್ಕಿ, ಅದರ ರೆಕ್ಕೆಯಡಿ ಆರು ಮರಿ. ಉಸಿರು ಬಿಗಿಹಿಡಿದು ಹಿಂದಕ್ಕೆ ಸರಿದೆ. ಅವು ಏಳಲಿಲ್ಲ.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಎಲ್ಲಿ ಎಂದು ಕೇಳಿದಳು. ಅವಳಿಗೂ ಹೇಳಲಿಲ್ಲ. ಇಲ್ಲಿಯೂ ಬರೆಯುವುದಿಲ್ಲ.