ಮದುವೆ ಕಾರ್ಡಿನಲ್ಲಿ ಹಳೇ ತಾರೀಕು

ಬಿಳಿಕೆರೆಯ ಬೇಸಾಯದ ಮನೆಯ ಮೀನಾ ಹುಣಸೂರಿನಲ್ಲಿ ಡಿಟಿಪಿ ಅಂಗಡಿ ಇಟ್ಟಿದ್ದಳು. ಅವಳ ಜೊತೆ ಟೈಪಿಂಗ್ ಕಲಿತ ಗೆಳತಿ ರಮ್ಯಾ ಪಿರಿಯಾಪಟ್ಟಣದಲ್ಲಿ ಆರ್ಡರ್ ಹಿಡಿದು ಕಾರ್ಡು ಮುದ್ರಿಸುತ್ತಿದ್ದಳು. ಅಕ್ಷರ ಜೋಡಿಸುವುದು, ತಿದ್ದುವುದು ಮೀನಾಳ ಪಾಲಿಗೆ. ಮೊದಲೆಲ್ಲ ಕಾರ್ಡಿನ ಫೈಲು ತುಂಬಿದ ಸಿಡಿಗಳು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಓಡಾಡುತ್ತಿದ್ದವು. ೨೦೦೭ರಲ್ಲಿ ಎರಡೂ ಅಂಗಡಿಗೆ ಬ್ರಾಡ್‌ಬ್ಯಾಂಡ್ ಬಂದ ಮೇಲೆ ಮೀನಾ ಪುಸ್ತಕ ನೋಡಿಕೊಂಡು ಮೂಲೆಯ ಹಳೆಯ ಕಂಪ್ಯೂಟರನ್ನು ಸರ್ವರ್ ಮಾಡಿದಳು. ಒಬ್ಬಳು ತಿದ್ದಿದ ಫೈಲು ಸರ್ವರಿಗೆ ಹೋಗಿ ಇನ್ನೊಬ್ಬಳ ಕಂಪ್ಯೂಟರಿಗೂ ಇಳಿಯುತ್ತಿತ್ತು. ಪ್ರತಿಗಳು ಬೇರೆಬೇರೆಯಾದರೆ ಸರ್ವರು ಸೇವ್ ಮಾಡಿದ ತಾರೀಕು ನೋಡಿ ಹೊಸದನ್ನು ಇಟ್ಟುಕೊಂಡು ಹಳೆಯದನ್ನು ಅಳಿಸುತ್ತಿತ್ತು. ಅದು ಸರಿಯಾಗಿ ನಡೆದ ದಿನ ಅವಳು ಬೀದಿಯವರಿಗೆಲ್ಲ ಬಾಳೆಹಣ್ಣು ಹಂಚಿದ್ದಳು.

ಹಾರನಹಳ್ಳಿಯ ದೊಡ್ಡಮಾದಯ್ಯ ಮಗಳ ಮದುವೆಯನ್ನು ಒಂದು ವಾರ ಮುಂದಕ್ಕೆ ಹಾಕಿದ್ದರು. ಮೀನಾ ತಾರೀಕು ತಿದ್ದಿದಳು. ಆದರೂ ಪಿರಿಯಾಪಟ್ಟಣದಲ್ಲಿ ರಮ್ಯಾ ಮುದ್ರಿಸಿಕೊಟ್ಟ ಕಾರ್ಡು ಓದಿದ ಅವರು ತಲೆ ಅಲ್ಲಾಡಿಸಿದರು.

"ಇದು ಅಳೇ ತಾರೀಕು ಕಣವ್ವ. ನೆಂಟ್ರು ವಾರ ಮುಂಚೆನೇ ಬಂದ್ಬುಡ್ತಾರೆ."

ರಮ್ಯಾ ಮೀನಾಳಿಗೆ ಫೋನ್ ಮಾಡಿದಳು. "ನೀನು ತಿದ್ದೇ ಇಲ್ವಲ್ಲೇ?"

"ತಿದ್ದಿವ್ನಿ ಕಣೇ. ನೀನೇ ಅಳೇದನ್ನ ತೆಗ್ದಿರ್ತೀಯ."

ಮೀನಾ ಮತ್ತೆ ತಿದ್ದಿದಳು. ಪಿರಿಯಾಪಟ್ಟಣದಲ್ಲಿ ಮತ್ತೆ ಹಳೆಯದೇ ಕಂಡಿತು. ಈ ಸಲ ರಮ್ಯಾ ವಿಷಯ ಹೇಳಿ ಫೋನ್ ಇಟ್ಟುಬಿಟ್ಟಳು.

ಮರುದಿನ ರಮ್ಯಾ ಅಂಗಡಿ ಮುಚ್ಚಿ ಬಸ್ಸು ಹತ್ತಿ ಹುಣಸೂರಿಗೆ ಬಂದಳು.

"ಜಗಳಕ್ಕೆ ಬಂದಿಲ್ಲ. ನನ್ನ ಮುಂದೆ ತಿದ್ದು, ನೋಡಾನ" ಎಂದು ಸ್ಟೂಲು ಎಳೆದು ಕೂತಳು.

ಮೀನಾ ತಾರೀಕು ತಿದ್ದಿ, ಸೇವ್ ಮಾಡಿ, ಫೈಲು ಮುಚ್ಚಿದಳು. ಸ್ವಲ್ಪ ಹೊತ್ತು ಬಿಟ್ಟು ತೆರೆದರೆ ಹಳೇ ತಾರೀಕು. ಇಬ್ಬರೂ ಕಣ್ಣಾರೆ ಕಂಡರು. ವೈರು ಕಿತ್ತು ಚುಚ್ಚಿದರು, ಸರ್ವರ್ ಆರಿಸಿ ಹೊತ್ತಿಸಿದರು. ಏನೂ ಬದಲಾಗಲಿಲ್ಲ.

ಸರ್ವರಿನ ವೈರು ತೆಗೆದಿಟ್ಟು ಇನ್ನೊಮ್ಮೆ ತಿದ್ದಿದಾಗ ರಮ್ಯಾ ಫೈಲಿನ ಹೆಸರಿನ ಪಕ್ಕ ಕಾಣುವ, ಸೇವ್ ಮಾಡಿದ ತಾರೀಕಿನ ಮೇಲೆ ಬೆರಳಿಟ್ಟಳು. "ಇಲ್ನೋಡೇ. ಈಗ ಮಾಡಿದ್ದು, ಇಸ್ವಿ ಎರಡ್ ಸಾವ್ರದ ಎರಡು ಅಂತೈತೆ."

ಮೀನಾ ತನ್ನ ಕಂಪ್ಯೂಟರಿನ ಗಡಿಯಾರ ನೋಡಿದಳು. ಅದೂ ಐದು ವರ್ಷ ಹಿಂದಿತ್ತು. ಅದನ್ನು ನಡೆಸುವ ಒಳಗಿನ ಬಟನ್ ಬ್ಯಾಟರಿ ಸತ್ತಿತ್ತು. ಕರೆಂಟು ಹೋಗಿ ಬಂದಾಗಲೆಲ್ಲ ಗಡಿಯಾರ ಹಿಂದಕ್ಕೆ ಓಡುತ್ತಿತ್ತು. ಅವಳು ತಿದ್ದಿದ್ದೆಲ್ಲ ಸರ್ವರಿಗೆ ಹಳೆಯದಾಗಿ ಕಂಡು, ಸರಿಯಾದ ಇಸವಿ ಹೊತ್ತ ರಮ್ಯಾಳ ಪ್ರತಿಯೇ ಅದರ ಮೇಲೆ ಬಂದು ಕೂರುತ್ತಿತ್ತು.

ಗಡಿಯಾರ ರಿಪೇರಿಯ ನಂಜಣ್ಣನ ಅಂಗಡಿಯಲ್ಲಿ ಅದೇ ಅಳತೆಯ ಬ್ಯಾಟರಿ ಸಿಕ್ಕಿತು. ಹಾಕಿ, ಸಮಯ ಸರಿಪಡಿಸಿ, ವೈರು ಜೋಡಿಸಿ ಮತ್ತೆ ತಿದ್ದಿದರು. ಟೀ ಕುಡಿದು ಬಂದು ತೆರೆದರೆ ಹೊಸ ತಾರೀಕು ಹಾಗೇ ಇತ್ತು.

"ನಿನ್ ಮೇಲೆ ಅನುಮಾನ ಪಟ್ಬುಟ್ಟೆ" ಎಂದಳು ರಮ್ಯಾ.

"ನಾನೂ ಪಟ್ಟೆ, ಬುಡು" ಎಂದಳು ಮೀನಾ.

ಸಂಜೆಯ ಬಸ್ಸಿಗೆ ರಮ್ಯಾ ಹೊರಟಳು. ಮಾರನೆಯ ದಿನ ಅವಳ ಅಂಗಡಿಯಲ್ಲಿ ದೊಡ್ಡಮಾದಯ್ಯ ಹೊಸದಾಗಿ ಮುದ್ರಿಸಿದ ಕಾರ್ಡನ್ನು ಎರಡು ಸಲ ಓದಿ, ಮೊದಲ ಎರಡು ಕಾರ್ಡಿಗೆ ಅರಿಶಿನ ಹಚ್ಚಿಸಿ, ಒಂದು ಅವಳಿಗೆ, ಇನ್ನೊಂದು ಹುಣಸೂರಿನ ಮೀನಾಳಿಗೆ ಎಂದು ರಮ್ಯಾಳ ಕೈಗೇ ಕೊಟ್ಟರು.