ಎಂಟು ಕಂಪ್ಯೂಟರುಗಳ ಯಜಮಾನ

ನಮ್ಮ ವಾಚನಾಲಯದ ಕಂಪ್ಯೂಟರ್ ಕೋಣೆಯ ಮೇಲ್ವಿಚಾರಕನ ಬಗ್ಗೆ ಒಂದು ಒಳ್ಳೆಯ ಮಾತು ಹುಡುಕಿ ಸೋತಿದ್ದೇನೆ. ಇಪ್ಪತ್ತು ವರ್ಷದ ನೌಕರಿಯಲ್ಲಿ ಅವನು ಶ್ರದ್ಧೆಯಿಂದ ಮಾಡಿದ ಕೆಲಸ ಒಂದೇ, ಪ್ರಾಕ್ಸಿ ಸರ್ವರ್ ಕೂರಿಸಿದ್ದು. ಅಲ್ಲಿನ ಎಂಟು ಕಂಪ್ಯೂಟರುಗಳೂ ನೇರವಾಗಿ ಇಂಟರ್ನೆಟ್ಟಿಗೆ ಹೋಗುವಂತಿಲ್ಲ. ಏನು ಬೇಕಾದರೂ ಇವನ ಮೇಜಿನಡಿಯ ಯಂತ್ರಕ್ಕೆ ಹೇಳಬೇಕು. ಅದು ನಮ್ಮ ಪರವಾಗಿ ಹೋಗಿ ತಂದುಕೊಡುತ್ತದೆ. ಹೊರಗಿನವರಿಗೆ ಕಾಣುವುದು ಅದರ ವಿಳಾಸ ಮಾತ್ರ, ಎಂಟು ಜನರಿದ್ದರೂ ಅವರ ಪಾಲಿಗೆ ಒಬ್ಬರೇ. ಕೆಟ್ಟ ಪುಟಗಳನ್ನು ತಡೆಯಲು ಎಂದು ಅವನು ಹೇಳಿಕೊಳ್ಳುತ್ತಿದ್ದ. ಮಾಡುತ್ತಿದ್ದದ್ದು ಬೇರೆ. ಯಾರು ಏನು ನೋಡಿದರೆಂಬ ಪಟ್ಟಿಯನ್ನು ಊಟದ ಡಬ್ಬಿಯ ಪಕ್ಕದಲ್ಲಿಟ್ಟುಕೊಂಡು ಚಪ್ಪರಿಸುತ್ತಿದ್ದ. ಯಾರದೋ ಮೂಲವ್ಯಾಧಿ, ಯಾರದೋ ವಿಚ್ಛೇದನ, ಎಲ್ಲವೂ ಅವನಿಗೆ ಗೊತ್ತು. ಥೂ, ಇದೂ ಒಂದು ಬಾಳೇ.

ಒಂದು ಸಂಜೆ ನಾಲ್ಕಕ್ಕೆ, ಆಸ್ಪತ್ರೆಯ ಬಟ್ಟೆ ಒಗೆಯುವ ಹೆಂಗಸೊಬ್ಬಳು ಏದುಸಿರು ಬಿಡುತ್ತ ಬಂದಳು. ನರ್ಸಿಂಗ್ ತರಬೇತಿಗೆ ನಮ್ಮ ಬಡಾವಣೆಯ ಪಾಲಿಗೆ ಒಂದೇ ಸೀಟು, ಅರ್ಜಿಗೆ ಅಂದು ಐದು ಗಂಟೆಗೆ ಗಡುವು. ಮುಂದಿನ ವರ್ಷಕ್ಕೆ ಅವಳ ವಯಸ್ಸು ಮೀರುತ್ತಿತ್ತು. ಎಲ್ಲ ತುಂಬಿ ಒತ್ತಿದರೆ, ಈ ವಿಳಾಸದಿಂದ ಈಗಾಗಲೇ ಅರ್ಜಿ ಬಂದಿದೆ ಎಂದು ಪರದೆ ಹೇಳಿತು.

"ನೀವೇ ಹಾಕಿ ಮರ್ತಿರ್ತೀರ," ಎಂದ ಮೇಲ್ವಿಚಾರಕ, ತಲೆ ಎತ್ತದೆ.

"ಸರ್, ನಾನು ಬಂದಿರೋದೇ ಈಗ."

ಪತ್ರಿಕೆ ಓದುತ್ತ ಕೂತಿದ್ದ ನನಗೆ ಪಿತ್ತ ನೆತ್ತಿಗೇರಿತು. ಇಲ್ಲಿಂದಲೇ ಇನ್ನ್ಯಾರೋ ಹಾಕಿದ್ದಾರೆ, ಆ ಕಡೆಯವರು ಇಬ್ಬರನ್ನೂ ಒಬ್ಬರೆಂದುಕೊಂಡಿದ್ದಾರೆ, ಒಂದು ಕಂಪ್ಯೂಟರನ್ನು ಹತ್ತು ನಿಮಿಷ ಪ್ರಾಕ್ಸಿ ಇಲ್ಲದೆ ಬಿಡು ಎಂದೆ. ಎರಡು ಗುಂಡಿ ಒತ್ತುವ ಕೆಲಸ. ಅವನು ಶಿಸ್ತು, ನಿಯಮ, ಮೇಲಧಿಕಾರಿಗಳು ಎಂದು ಪುರಾಣ ಬಿಚ್ಚಿದ. ಅವಳು ಕೈ ಮುಗಿದಳು. ಅವನು ಕನ್ನಡಕ ಒರೆಸಿಕೊಂಡ.

ಗಡಿಯಾರ ನಾಲ್ಕೂ ಮುಕ್ಕಾಲು ದಾಟಿದಾಗ ನನಗೆ ಬುದ್ಧಿ ಬಂತು. ಅವನೊಂದಿಗೆ ಜಗಳವಾಡುವ ಚಪಲದಲ್ಲಿ ನನ್ನ ಜೇಬಿನ ಮೊಬೈಲನ್ನೇ ಮರೆತಿದ್ದೆ. ಅದಕ್ಕೆ ಇವನ ಹಂಗಿಲ್ಲ. ಹೊರಗಿನ ಮೆಟ್ಟಿಲ ಮೇಲೆ ಕೂತು ಅವಳು ಮೊದಲಿನಿಂದ ಎಲ್ಲ ತುಂಬಿದಳು. ಐದಕ್ಕೆ ಎರಡು ನಿಮಿಷ ಇರುವಾಗ ಅರ್ಜಿ ಸೇರಿತು.

ಪಾಪದ ಹೆಂಗಸು, ಒಳಗೆ ಹೋಗಿ ಅವನಿಗೂ ಸಂತೋಷದಿಂದ ಹೇಳಿದಳು. ಅವನ ಮುಖ ಹುಳ್ಳಗಾಯಿತು.

"ಬೆಳಿಗ್ಗೆ ನಮ್ಮ ಸೊಸೇದು ನಾನೇ ಇಲ್ಲಿಂದ ಹಾಕಿದ್ದೆ," ಎಂದ. "ಇರೋದು ಒಂದೇ ಸೀಟು. ನೀವು ಹಾಕ್ದೇ ಇದ್ದಿದ್ರೆ ಅವಳಿಗೇ ಆಗ್ತಿತ್ತು."